ಕಡ್ಡಿಯ ಮನೆಶಾಲೆ

ಜೂನ್ 11

ಮಗಳೇ,

ನಾನು ಚೆನ್ನಾಗಿದ್ದೇನೆ. ನಿನ್ನ ಮಗಳು ಕಡ್ಡಿಯೂ ಚೆನ್ನಾಗಿದ್ದಾಳೆ. ಮೊಣಕಾಲಿನ ಹಳೆಯ ಗಾಯ ಒಣಗಿದೆ, ಹೊಸದೊಂದು ಆಗಿದೆ. ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವಷ್ಟರಲ್ಲಿ ಲೈನು ಕಡಿದುಹೋಯಿತು. ನೀನು ಕೆಲಸ ಮಾಡುವ ಹಾಸ್ಟೆಲ್ಲಿನ ಬೆಟ್ಟಕ್ಕೆ ಅಡುಗೆ ಸಾಮಾನು ಹತ್ತುತ್ತದೆ, ಮಾತು ಹತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮುಖ ಕಾಣದ ಮಾತಿಗಿಂತ ಕೈಗೆ ಸಿಗುವ ಕಾಗದ ಮೇಲು.

ವಿಷಯ ಇಷ್ಟು. ಶಾಲೆಯ ಹಿಂಭಾಗದ ಗೋಡೆ ಬಿರುಕು ಬಿಟ್ಟಿದೆ, ಅರ್ಧ ಕೋಣೆಗಳನ್ನು ಮುಚ್ಚಿದ್ದಾರೆ. ಶನಿವಾರ ದೊಡ್ಡವರನ್ನೆಲ್ಲ ಕರೆಸಿ ಮೂರು ದಾರಿ ಹೇಳಿದರು. ವಾರದಲ್ಲಿ ಎರಡು ದಿನ ಶಾಲೆ, ಮೂರು ದಿನ ಮನೆಯಲ್ಲಿ ಫೋನಿನ ಪರದೆಯ ಮೇಲೆ ಪಾಠ. ಇದಕ್ಕೆ ಮಿಶ್ರ ಕಲಿಕೆ ಎಂದು ಹೆಸರಿಟ್ಟಿದ್ದಾರೆ. ಇಲ್ಲವೇ ಪೂರ್ತಿ ಮನೆಯಲ್ಲೇ ಕಲಿಸಿ, ಮಗು ಬರೆದ ಹಾಳೆಗಳ ಫೋಟೊ ತೆಗೆದು ಕಳಿಸುತ್ತಿರುವುದು. ಎರಡೂ ಬೇಡವಾದರೆ ನದಿಯಾಚೆಯ ಶಾಖೆಗೆ ದಿನವೂ ಬಸ್ಸಿನಲ್ಲಿ ಕಳಿಸುವುದು. ಒಬ್ಬ ತಂದೆ ಎದ್ದು, "ಮೇಡಂ, ಮನೇಲಿ ನಾವೇ ಕಲಿಸೋದಾದ್ರೆ ಸಂಬಳಾನೂ ನಮಗೇ ಕೊಡ್ತೀರಾ?" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಕ್ಕಳ ವಿದ್ಯೆ ನಗುವ ವಿಷಯವಲ್ಲ.

ನಾನು ಮೊದಲನೆಯದಕ್ಕೆ ಸಹಿ ಹಾಕಿ ಬಂದೆ. ನದಿ ದಾಟಿಸಿ ಕಳಿಸಲು ನಮ್ಮ ಕಡ್ಡಿಯೇನು ಪಾರ್ಸೆಲ್ಲೇ? ಮನೆಯ ಮೂರು ದಿನ ನಾನು ನೋಡಿಕೊಳ್ಳುತ್ತೇನೆ. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಹೈಸ್ಕೂಲು ಮುಗಿಸಿದ ಹೆಂಗಸು ನಾನೊಬ್ಬಳೇ. ನಾಲ್ಕನೇ ತರಗತಿಯ ಪಾಠ ನನಗೆ ಬ್ರಹ್ಮವಿದ್ಯೆಯಲ್ಲ.

ಮನೆಯ ಮುಂಭಾಗದ ನಮ್ಮ ಹೊಲಿಗೆ ಅಂಗಡಿಯಲ್ಲಿ ಸಮವಸ್ತ್ರದ ಕೆಲಸ ಜೋರಾಗಿದೆ. ಪರದೆಯ ಮುಂದೆ ಕೂರಲು ಮಕ್ಕಳಿಗೆ ಅಂಗಿ ಮಾತ್ರ ಸಾಕಂತೆ, ಚಡ್ಡಿ ಯಾರಿಗೂ ಕಾಣುವುದಿಲ್ಲವಂತೆ. ಕಟಿಂಗ್ ಮಾಸ್ತರರು, "ಅಕ್ಕಾ, ಇನ್ಮೇಲೆ ಅರ್ಧ ಬಟ್ಟೆ ಹೊಲಿದ್ರೆ ಸಾಕು" ಎನ್ನುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಡಿಸುವವಳೇ ಹಸಿದಿರುತ್ತಾಳೆ ಎನ್ನುವುದು ನನಗೆ ಗೊತ್ತು.

ಅಮ್ಮ

ಜೂನ್ 29

ಅಮ್ಮಾ,

ನಿನ್ನ ಕಾಗದ ಓದಿದೆ. ನೀನು ಸಹಿ ಹಾಕಿ ಬಂದ ಮೇಲೆ ನನ್ನ ಅಭಿಪ್ರಾಯ ಏನಿದ್ದರೇನು ಬಿಡು. ಆದರೂ ಹೇಳುತ್ತೇನೆ: ಬಸ್ಸಿನ ಶಾಖೆಯೇ ಒಳ್ಳೆಯದಿತ್ತು ಎಂದು ನನಗನ್ನಿಸುತ್ತದೆ. ಮಗು ಮಕ್ಕಳ ನಡುವೆ ಇರಬೇಕು. ಅಂಗಡಿಯ ಗದ್ದಲದಲ್ಲಿ, ಹೊಲಿಗೆ ಯಂತ್ರಗಳ ನಡುವೆ ಅವಳೇನು ಕೇಳಿಸಿಕೊಂಡಾಳು?

ಇಲ್ಲಿ ನಾನೂರು ಮಕ್ಕಳಿಗೆ ಬಡಿಸುತ್ತೇನೆ. ಯಾವುದು ಹಾಲನ್ನು ಪಕ್ಕದವನ ಲೋಟಕ್ಕೆ ಸುರಿಯುತ್ತದೆ, ಯಾವುದು ಬ್ರೆಡ್ಡಿನ ಅಂಚು ಬಿಡುತ್ತದೆ, ಎಲ್ಲ ಗೊತ್ತು. ನನ್ನ ಮಗಳು ಈಗ ತಟ್ಟೆಯಲ್ಲಿ ಏನು ಬಿಡುತ್ತಾಳೆ ಎನ್ನುವುದು ಗೊತ್ತಿಲ್ಲ. ಅವಳಪ್ಪ ಬಿಟ್ಟುಹೋದ ಮೇಲೆ ನಾನೂ ಬಿಟ್ಟುಬಂದೆ ಎಂದು ಅವಳು ತಿಳಿದಿರಬಾರದು ಎನ್ನುವುದೊಂದೇ ನನ್ನ ಚಿಂತೆ.

ನಾನು ಹೊರಟಾಗ ಎರಡನೇ ತರಗತಿ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು, ಕೂಡಿಸಿದ್ದು ತಪ್ಪಾದರೆ ಪುಸ್ತಕವನ್ನೇ ಗದರುತ್ತಿದ್ದಳು. ಈಗ ಸರಾಗವಾಗಿ ಓದುತ್ತಿರಬೇಕು. ಅವಳ ಕೈಯಿಂದ ನಾಲ್ಕು ಸಾಲು ಬರೆಸಿ ಕಳಿಸು. ಏನಾದರೂ ಸರಿ. ನಿನ್ನನ್ನು ಬೈದು ಬರೆದರೂ ಸರಿ.

ನಿನ್ನ ಮಗಳು

ಜುಲೈ 15

ಮಗಳೇ,

ಬಸ್ಸಿನ ಮಾತು ಮುಗಿದ ಮಾತು.

ಮನೆಯ ಪಾಠ ಹೇಗೆ ನಡೆಯುತ್ತದೆ ಎಂದು ತಿಳಿಸುತ್ತೇನೆ; ನಿನಗೆ ಸಮಾಧಾನವಾದೀತು. ಕತ್ತರಿಸುವ ಮೇಜಿನ ತುದಿಯಲ್ಲಿ ಇಸ್ತ್ರಿಪೆಟ್ಟಿಗೆಗೆ ಒರಗಿಸಿ ಫೋನು ಇಡುತ್ತೇವೆ. ತಲೆ ಬಾಚಿಸಿ, ಸಮವಸ್ತ್ರ ಹಾಕಿಸಿ ಕೂರಿಸುತ್ತೇನೆ. ನಮ್ಮ ಮನೆಯಲ್ಲಿ ಅರ್ಧ ಬಟ್ಟೆಯ ವಿದ್ಯಾಭ್ಯಾಸ ಇಲ್ಲ. ಪರದೆಯಲ್ಲಿ ಟೀಚರ ಮುಖ ಅಂಗಿಯ ಗುಂಡಿಯಷ್ಟು. ಅವಳು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುತ್ತಾಳೆ, ತಪ್ಪಿದರೆ ಇಡೀ ತರಗತಿಯ ಮನೆಗಳೆಲ್ಲ ಕೇಳಿಸಿಕೊಳ್ಳುತ್ತವೆ. ಇದು ನನಗೆ ಸರಿಕಾಣಲಿಲ್ಲ. ಮಗುವಿನ ಮಾನ ಮಾನವಲ್ಲವೇ?

ಹಾಗಾಗಿ ನಾನೇ ಒಂದು ಕ್ರಮ ಮಾಡಿಕೊಂಡೆ. ಪಾಠವನ್ನು ಹಿಂದಿನ ದಿನವೇ ಗಟ್ಟಿಯಾಗಿ ಓದಿ ಹೇಳುತ್ತೇನೆ, ಕಡ್ಡಿ ತಿರುಗಿ ಹೇಳುತ್ತಾಳೆ. ನಾಲ್ಕೈದು ಸಲ ಕೇಳಿದರೆ ಸಾಕು, ಒಂದಕ್ಷರ ತಪ್ಪದೆ ಒಪ್ಪಿಸುತ್ತಾಳೆ. ನೆನಪು ಎಂದರೆ ನೆನಪು! ಬರವಣಿಗೆಗೆ ಪೆನ್ಸಿಲ್ಲಿನಲ್ಲಿ ನಾನು ತೆಳ್ಳಗೆ ಗುರುತು ಹಾಕಿಕೊಡುತ್ತೇನೆ, ಅವಳು ಅದರ ಮೇಲೆ ಪೆನ್ನು ಓಡಿಸುತ್ತಾಳೆ. ಅಂಗಡಿಗೆ ಬರುವ ಹೊಸಬರಿಗೂ ನಾನು ಕಲಿಸುವುದು ಹೀಗೆಯೇ. ಗುರುತು ನನ್ನದು, ಕತ್ತರಿ ಅವರದು. ತಪ್ಪು ಹೊಲಿಗೆಯನ್ನು ಗಿರಾಕಿ ನೋಡುವ ಮುಂಚೆ ಬಿಚ್ಚಿ ಸರಿಮಾಡಿಬಿಟ್ಟರೆ ತಪ್ಪೇ ಆಗಿಲ್ಲ ಎಂದು ಲೆಕ್ಕ. ಇಷ್ಟು ವರ್ಷದಲ್ಲಿ ಒಂದು ಅಂಗಿ ನಮ್ಮಂಗಡಿಗೆ ವಾಪಸು ಬಂದಿದ್ದರೆ ಹೇಳು.

ಕೇಳಿದ ನಾಲ್ಕು ಸಾಲು ಇದರ ಜೊತೆಗಿದೆ.

ಅಮ್ಮ

(ಜೊತೆಗಿಟ್ಟ ಹಾಳೆ)

ಪ್ರೀತಿಯ ಅಮ್ಮನಿಗೆ, ನಾನು ಕ್ಷೇಮವಾಗಿದ್ದೇನೆ. ಶ್ರದ್ಧೆಯಿಂದ ಓದುತ್ತಿದ್ದೇನೆ. ಅಜ್ಜಿಯ ಮಾತು ಮೀರುವುದಿಲ್ಲ. ನಿನ್ನ ಆರೋಗ್ಯದ ಕಡೆ ಗಮನವಿರಲಿ. ಇಂತಿ ನಿನ್ನ ಮಗಳು.

ಆಗಸ್ಟ್ 20

ಮಗಳೇ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಶಾಲೆಯ ಎರಡು ದಿನವನ್ನೂ ಬಿಡಿಸಿದೆ. ಇನ್ನು ಮುಂದೆ ಪೂರ್ತಿ ಮನೆಯಲ್ಲೇ ಪಾಠ.

ಕಾರಣ ಕೇಳುತ್ತೀಯ. ಅವಳ ಟೀಚರು ಅಂಗಡಿಗೇ ಬಂದಿದ್ದಳು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ, ತೋಳಿನ ಹೊಲಿಗೆ ಬಿಟ್ಟಿತ್ತು, ಅದನ್ನೂ ಗಮನಿಸಿಕೊಂಡಿರಲಿಲ್ಲ. ಬಂದವಳೇ, "ಅಜ್ಜೀ, ನಿಮ್ಮ ಮೊಮ್ಮಗಳ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು. ಮನೆಯಿಂದ ಬರೋ ಕೆಲಸಕ್ಕೂ ಕ್ಲಾಸಲ್ಲಿ ಕೂತು ಮಾಡೋ ಕೆಲಸಕ್ಕೂ ತಾಳೆನೇ ಆಗ್ತಿಲ್ಲ. ಉಳಿದ ಮಕ್ಕಳ ಜೊತೆ ಕೂರಿಸಿದ್ರೆ ಪ್ರಯೋಜನ ಇಲ್ಲ, ಅವಳಿಗೆ ಬೇರೆ ಥರದ ಪಾಠಾನೇ ಬೇಕು" ಎಂದಳು. ಅಳತೆ ಕೊಡಲು ಬಂದ ಗಿರಾಕಿಗಳು ಕಿವಿ ನಿಮಿರಿಸಿ ನಿಂತಿದ್ದರು.

"ಬೇರೆ ಥರದ ಪಾಠ ನಮ್ಮನೇಲೇ ಇದೆ, ನೀವು ಹೋಗ್ಬನ್ನಿ" ಎಂದೆ. ಇನ್ನೂ ಏನೇನೋ ಹೇಳಿದಳು. ಬರೆಯಲು ಯೋಗ್ಯವಾದದ್ದಲ್ಲ.

ಕಡ್ಡಿ ಮೇಜಿನ ಕೆಳಗೆ ಕೂತು ಚೂರುಬಟ್ಟೆ ಆರಿಸುತ್ತಿದ್ದಳು. ಟೀಚರು ಹೋದ ಮೇಲೆ ಹೊರಗೆ ಬಂದು, "ಅಜ್ಜಿ, ನಾಳೆಯಿಂದ ಸ್ಕೂಲಿಗೆ ಹೋಗೋದು ಬೇಡ್ವಾ?" ಎಂದಳು. ಬೇಡ ಎಂದೆ. ಕುಣಿದಳು. ಇದರಲ್ಲೇ ತಿಳಿದುಕೋ, ಅಲ್ಲಿ ಅವಳನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಎಂದು.

ಅಮ್ಮ

ಸೆಪ್ಟೆಂಬರ್ 6

ಅಮ್ಮಾ,

ಮಳೆಗೆ ಅಂಚೆ ತಡವಾಗಿ ನಿನ್ನ ಎರಡೂ ಕಾಗದ ಒಟ್ಟಿಗೇ ಬಂದವು. ಓದಿ ಮೊದಲು ಹೆದರಿದೆ, ಆಮೇಲೆ ನಗು ಬಂತು. ನೀನು ಟೀಚರನ್ನು ಬೈದು ಕಳಿಸಿದ್ದೀಯಲ್ಲ, ಅವಳು ಹೇಳಿದ್ದು ಹೊಗಳಿಕೆ ಅಮ್ಮಾ! ಉಳಿದವರ ಜೊತೆ ಕೂರಿಸಿ ಪ್ರಯೋಜನವಿಲ್ಲ ಎಂದರೆ ನಮ್ಮ ಹುಡುಗಿ ಅವರಿಗಿಂತ ಮುಂದೆ ಓಡುತ್ತಿದ್ದಾಳೆ ಎಂದೇ ಅಲ್ಲವೇ? ಮನೆಯಲ್ಲಿ ನೀನು ಕಲಿಸಿದ್ದು ಆ ತರಗತಿಗೆ ಹೆಚ್ಚಾಯಿತು, ಅದಕ್ಕೇ ತಾಳೆಯಾಗುತ್ತಿಲ್ಲ. ಆ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ಅಚ್ಚು ಹಾಕಿದಂತಿದೆ. ಒಂಬತ್ತು ವರ್ಷದ ಹುಡುಗಿ "ಗಮನವಿರಲಿ" ಎಂದು ಬರೆಯುತ್ತಾಳೆ! ಆ ಹಾಳೆಯನ್ನು ಅಡುಗೆಮನೆಯ ಎಲ್ಲರಿಗೂ ತೋರಿಸಿದೆ. ತರಕಾರಿ ಹೆಚ್ಚುವವಳು, "ನಿಮ್ಮ ಮಗಳು ಆಫೀಸರ್ ಥರ ಬರೀತಾಳಲ್ಲಕ್ಕ" ಎಂದಳು.

ಹಾಸ್ಟೆಲ್ಲು ನೋಡಿಕೊಳ್ಳುವ ಮೇಟ್ರನ್ನಿಗೂ ತೋರಿಸಿದೆ. ಅವರು ಒಂದು ವಿಷಯ ಹೇಳಿದರು. ಇಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಹಾಸ್ಟೆಲ್ಲಿನ ಶಾಲೆಯ ಐದನೇ ತರಗತಿಯಲ್ಲಿ ಒಂದು ಸೀಟು ಇರುತ್ತದಂತೆ. ಬರುವ ವರ್ಷ ಅದಕ್ಕೆ ಬೇರೆ ಯಾರೂ ಇಲ್ಲ. ನಾನು ಕೇಳಬಹುದಂತೆ.

ಅಮ್ಮಾ, ಅವಳು ಇಲ್ಲಿದ್ದರೆ ದಿನಕ್ಕೆ ಮೂರು ಹೊತ್ತು ಊಟದ ಸಾಲಿನಲ್ಲಿ ನನ್ನ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾಳೆ. ಇದನ್ನು ಅವಳಿಗೆ ಓದಿ ಹೇಳು. ಅಲ್ಲ, ಅವಳೇ ಓದಲಿ. ಕಿಟಕಿಯ ಪಕ್ಕದ ಮಂಚ ಖಾಲಿಯಾಗುತ್ತದೆ ಎಂದೂ ಹೇಳು.

ನಿನ್ನ ಮಗಳು

ಸೆಪ್ಟೆಂಬರ್ 30

ಮಗಳೇ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅವಳು ಮುಂದಿದ್ದಾಳೆ ಎಂದು ನಾನು ಬರೆದಿರಲಿಲ್ಲ. ಹಿಂದಿದ್ದಾಳೆ ಎಂದೂ ಬರೆದಿರಲಿಲ್ಲ. ನೀನು ಊರಿಗೆಲ್ಲ ಡಂಗುರ ಹೊಡೆಯುವ ಮುಂಚೆ ನನ್ನನ್ನೊಂದು ಮಾತು ಕೇಳಬಹುದಿತ್ತು.

ಅಷ್ಟು ದೂರ ಏಕೆ? ಇಲ್ಲಿ ಅವಳಿಗೆ ಏನು ಕಡಿಮೆಯಾಗಿದೆ? ಹಾಸ್ಟೆಲ್ಲಿನಲ್ಲಿ ಜ್ವರ ಬಂದರೆ ಹಣೆ ಮುಟ್ಟುವವರು ಯಾರು ಎಂದು ನಾನು ಕೇಳುವುದಿಲ್ಲ, ನೀನಿದ್ದೀಯ, ಗೊತ್ತು. ಆದರೂ ಇನ್ನೊಂದು ವರ್ಷ ಹೋಗಲಿ. ಗಟ್ಟಿಯಾಗಲಿ.

ಊಟದ ಸಾಲಿನ ಮಾತನ್ನು ಓದಿ ಹೇಳಿದೆ. ಹೇಳಬಾರದಿತ್ತು. ಮಧ್ಯಾಹ್ನ ನೋಡಿದರೆ ತನ್ನ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. "ಎಲ್ಲಿಗೆ ಸವಾರಿ?" ಎಂದೆ. "ಅಮ್ಮನ ಸ್ಕೂಲಿಗೆ" ಎಂದಳು. "ಇವತ್ತೇನಾ?" ಎಂದರೆ, "ಬಸ್ ತಪ್ಪಿಹೋದ್ರೆ?" ಎಂದು ನನ್ನನ್ನೇ ಕೇಳಿದಳು. ಗದರಿಸಿ ಬಟ್ಟೆ ತೆಗೆಸಿದೆ.

ಅಮ್ಮ

ನವೆಂಬರ್ 12

ಅಮ್ಮಾ,

ಇಷ್ಟು ದಿನ ನಾನು ಬರೆಯಲಿಲ್ಲ. ಕೋಪ ಬಂದಿತ್ತು. "ಅಷ್ಟು ದೂರ ಏಕೆ" ಎಂದು ಕೇಳಿದೆಯಲ್ಲ. ನನ್ನ ಮಗಳನ್ನು ನೀನು ನಿನಗೇ ಇಟ್ಟುಕೊಳ್ಳಬೇಕು ಎಂದಿದ್ದೀಯ ಎಂದು ನನಗನ್ನಿಸಿತು. ಅನ್ನಿಸಿದ್ದನ್ನು ಹೇಳಿದ್ದೇನೆ, ಬೈಯುವುದಾದರೆ ಬೈಯಿ. ನಿನಗೆ ಒಂಟಿತನವಾಗುತ್ತದೆ, ಗೊತ್ತು. ಆದರೆ ಅವಳು ನನ್ನ ಮಗಳು.

ಸೀಟು ಹೆಚ್ಚುಕಡಿಮೆ ಸಿಕ್ಕಂತೆಯೇ. ಮಾರ್ಚಿನಲ್ಲಿ ಸಣ್ಣ ಪರೀಕ್ಷೆಯೊಂದಿದೆ. ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದಬೇಕು, ಹೇಳಿದ ನಾಲ್ಕೈದು ವಾಕ್ಯ ಬರೆಯಬೇಕು, ಕೂಡುವ ಕಳೆಯುವ ಲೆಕ್ಕ ಮಾಡಬೇಕು. ನಮ್ಮ ಹುಡುಗಿಗೆ ಅದು ನೀರು ಕುಡಿದಷ್ಟು ಸಲೀಸು. ಆದರೆ ಇನ್ನೊಂದು ವರ್ಷ ಎನ್ನುವ ಮಾತೇ ಇಲ್ಲ. ಹೊಸ ಮಕ್ಕಳನ್ನು ತೆಗೆದುಕೊಳ್ಳುವುದು ಐದನೇ ತರಗತಿಗೆ ಮಾತ್ರ. ಈ ಸಲ ತಪ್ಪಿದರೆ ಮತ್ತೆ ಎಂದೂ ಇಲ್ಲ. ಕೆಲಸದವರ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಅವಳು ನನ್ನ ಹತ್ತಿರ ಬರಲು ಇರುವ ಬಾಗಿಲು ಇದೊಂದೇ.

ಅವಳನ್ನು ಸಿದ್ಧಮಾಡು ಅಮ್ಮಾ. ನೀನು ಮನಸ್ಸು ಮಾಡಿದರೆ ಆಗದ್ದಿಲ್ಲ.

ನಿನ್ನ ಮಗಳು

ಡಿಸೆಂಬರ್ 2

ಮಗಳೇ,

ನನಗೆ ಒಂಟಿತನವಿಲ್ಲ. ಅಂಗಡಿಯಲ್ಲಿ ಏಳು ಜನರಿದ್ದಾರೆ, ಏಳು ಜನರ ಬಾಯಿ ಹದಿನಾಲ್ಕು ಜನರಷ್ಟಿದೆ.

ಓದಿಸುವುದು ಯಾವ ಪುಸ್ತಕದಿಂದ? ಹೆಸರು, ಬಣ್ಣ ಎಲ್ಲ ವಿಚಾರಿಸಿ ಬರೆ. ಸಾಧ್ಯವಾದರೆ ಪುಸ್ತಕವನ್ನೇ ಕಳಿಸು. ಬೇಗ ಕಳಿಸು.

ಅಮ್ಮ

ಡಿಸೆಂಬರ್ 19

ಅಮ್ಮಾ,

ಕೋಪ ಮಾಡಿಕೊಂಡಿದ್ದಕ್ಕೆ ಕ್ಷಮಿಸು. ಪುಸ್ತಕ ಕೇಳಿದೆಯಲ್ಲ, ಅದನ್ನು ಓದಿ ನನಗೆ ಅಳುವೇ ಬಂತು. ನೀನು ಬಿಟ್ಟುಕೊಡಲು ಒಪ್ಪಿದೆ ಎಂದು ಗೊತ್ತಾಯಿತು.

ಪುಸ್ತಕ ಕಳಿಸಿದ್ದೇನೆ, ನೀಲಿ ರಟ್ಟಿನದು. ದೊಡ್ಡ ಹುಡುಗಿಯೊಬ್ಬಳು ಬಿಟ್ಟುಹೋಗಿದ್ದನ್ನು ಮೇಟ್ರನ್ ಹುಡುಕಿಕೊಟ್ಟರು. ಇದರಲ್ಲಿ ಮೋಸವೇನಿಲ್ಲವಂತೆ, ಎಲ್ಲರೂ ಇದರಲ್ಲೇ ಅಭ್ಯಾಸ ಮಾಡುತ್ತಾರಂತೆ. ಚಿತ್ರಗಳು ಚೆನ್ನಾಗಿವೆ. ದೋಣಿಯವನ ಪಾಠ ನನಗೆ ಬಹಳ ಹಿಡಿಸಿತು.

ಕಿಟಕಿಯ ಪಕ್ಕದ ಮಂಚದ ಮೇಲೆ ಅವಳ ಹೆಸರಿನ ಚೀಟಿ ಅಂಟಿಸಲು ಇನ್ನೂ ಬಿಡುವುದಿಲ್ಲ. ನಾನೇ ಒಂದು ಹೊದಿಕೆ ಕೊಂಡಿಟ್ಟಿದ್ದೇನೆ. ಹಳದಿ ಬಣ್ಣ.

ನಿನ್ನ ಮಗಳು

ಫೆಬ್ರವರಿ 25

ಮಗಳೇ,

ಅವಳು ಸಿದ್ಧಳಾಗಿದ್ದಾಳೆ. ನೀಲಿ ಪುಸ್ತಕ ರಟ್ಟಿನಿಂದ ರಟ್ಟಿಗೆ ಬಾಯಿಗೆ ಬರುತ್ತದೆ. ಯಾವ ಪುಟ ತೆಗೆದರೂ ಒಂದು ಉಸಿರು ತಡವರಿಸುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಪಾಠ, ಉಣ್ಣುವಾಗಲೂ ಪಾಠ. ಆಡಲು ಹೋಗು ಎಂದರೂ ಹೋಗುವುದಿಲ್ಲ. "ಇನ್ನೊಂದ್ಸಲ ಹೇಳು ಅಜ್ಜಿ, ಆ ದೋಣಿಯವನದು" ಎಂದು ಬೆನ್ನು ಹತ್ತುತ್ತಾಳೆ. ಇಷ್ಟು ಶ್ರಮಪಡುವ ಮಗುವನ್ನು ನಾನು ಕಂಡಿಲ್ಲ. ಅದನ್ನು ನೀನು ತಿಳಿದಿರಬೇಕು. ಲೆಕ್ಕ ಅವಳಿಗೆ ಮೊದಲಿಂದಲೂ ಸುಲಭ, ಗುಂಡಿ ಎಣಿಸಿ ಎಣಿಸಿ ಕಲಿತದ್ದು.

ಕಟಿಂಗ್ ಮಾಸ್ತರರು ಮೊನ್ನೆ ಒಂದು ಚೇಷ್ಟೆ ಮಾಡಿದರು. ಅವಳು ಓದುತ್ತಿರುವಾಗ ಚಿತ್ರದ ಮೇಲೆ ಅಂಗೈ ಮುಚ್ಚಿ, "ಈಗ ಓದು ನೋಡೋಣ" ಎಂದರು. ಮಗು ಬೆಪ್ಪಾಗಿ ನಿಂತುಬಿಟ್ಟಿತು. "ಕೈ ತೆಗೀರಿ. ಓದೋ ಮಗೂನ ಹೆದರಿಸ್ತೀರಲ್ಲ, ವಯಸ್ಸಾಗಿಲ್ವಾ ನಿಮಗೆ?" ಎಂದೆ. ಅವರು ನನ್ನ ಮುಖ ನೋಡಿ ಕತ್ತರಿ ಎತ್ತಿಕೊಂಡರು.

ನಾನು ಬರುವುದಿಲ್ಲ. ಹೊಸ ವರ್ಷದ ಸಮವಸ್ತ್ರಕ್ಕೆ ಈಗಲೇ ಬಟ್ಟೆ ಬಂದು ಬಿದ್ದಿದೆ. ಮಾಸ್ತರರೇ ಅವಳನ್ನು ರೈಲಿನಲ್ಲಿ ಕರೆತರುತ್ತಾರೆ. ಪರೀಕ್ಷೆ ಮಾಡುವವರಿಗೆ ಒಂದು ಮಾತು ಹೇಳಿರು: ಮಗು ಹೊಸಬರ ಮುಂದೆ ಹೆದರುತ್ತದೆ, ಹೇಳಿಬರೆಸುವುದು ಬೇಡ, ಓದಿಸಿ ಲೆಕ್ಕ ಕೊಟ್ಟರೆ ಸಾಕು.

ಅಮ್ಮ

ಮಾರ್ಚ್ 14

ಅಮ್ಮಾ,

ಮಾಸ್ತರರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅವರು ಏನೂ ಹೇಳಲಾರರು. ನಾನೇ ಹೇಳುತ್ತೇನೆ, ಏಕೆಂದರೆ ನೀನು ಅಲ್ಲಿರಲಿಲ್ಲ.

ನನ್ನನ್ನು ಕೋಣೆಯ ಹಿಂದೆ ಒಂದು ಕುರ್ಚಿಯಲ್ಲಿ ಕೂರಲು ಬಿಟ್ಟರು. ಪರೀಕ್ಷೆ ಮಾಡಿದವರು ವಯಸ್ಸಾದ ಮೇಷ್ಟ್ರು, ಬಹಳ ಮೃದು. ಅವರ ಕೈಯಲ್ಲೂ ಅದೇ ನೀಲಿ ಪುಸ್ತಕವಿತ್ತು. ದೋಣಿಯ ಚಿತ್ರವಿದ್ದ ಪುಟ ತೆಗೆದುಕೊಟ್ಟರು. ನನ್ನ ಮಗಳು ನನ್ನ ಕಡೆ ತಿರುಗಿ ನಕ್ಕಳು. ಬೆನ್ನು ನೇರ ಮಾಡಿ ಶುರು ಮಾಡಿದಳು. ದೋಣಿಯವನು ಬೆಳಿಗ್ಗೆ ಎದ್ದದ್ದು, ಹುಟ್ಟು ಮುರಿದದ್ದು, ಅವನ ಹೆಂಡತಿ ನಕ್ಕದ್ದು. ಗಂಟೆ ಬಾರಿಸಿದ ಹಾಗೆ. ನಾನು ಖುಷಿಗೆ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

ಅದು ಹೊಸ ಮುದ್ರಣವಂತೆ ಅಮ್ಮಾ. ಚಿತ್ರ ಅದೇ, ಪಾಠ ಬೇರೆ. ಆ ಪುಟದಲ್ಲಿದ್ದದ್ದು ನದಿ ಎಲ್ಲಿ ಹುಟ್ಟುತ್ತದೆ, ಹೇಗೆ ಹರಿಯುತ್ತದೆ ಎನ್ನುವ ಪಾಠ. ದೋಣಿಯವನ ಹೆಸರೇ ಅಲ್ಲಿ ಇಲ್ಲ.

ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಚೆನ್ನಾಗಿ ಹೇಳಿದೆ ಮಗು. ಈಗ ಇಲ್ಲಿ ಇರೋದನ್ನ ಓದ್ತೀಯಾ?" ಎಂದು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಇವಳು ತಲೆಯಾಡಿಸಿ ದೋಣಿಯವನ ಪಾಠವನ್ನೇ ಮತ್ತೆ ಶುರು ಮಾಡಿದಳು. ಅವರು ತಡೆದರು. ತನ್ನ ದನಿ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಗಟ್ಟಿಯಾಗಿ ಹೇಳಿದಳು. ಪಕ್ಕದ ಕೋಣೆಯ ಮಕ್ಕಳು ಬಾಗಿಲಿಗೆ ಬಂದು ನಿಂತವು.

ಬರೆಯಲು ಹಾಳೆ ಕೊಟ್ಟರು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಗುರುತು ಹಾಕ್ಕೊಡಿ. ನಾನು ಅದರ ಮೇಲೆ ಬರೀತೀನಿ" ಎಂದಳು. ಹೆದರಿಕೆಯಿಂದಲ್ಲ. ಎಲ್ಲ ಕಡೆಯೂ ಹಾಗೇ ಬರೆಯುತ್ತಾರೆ ಎಂದು ನಂಬಿಕೊಂಡು.

ಲೆಕ್ಕ ಎಲ್ಲ ಸರಿಯಾಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೊರಗೆ ಬಂದ ಮೇಲೆ, "ಅಮ್ಮಾ, ನಾನು ಒಂದ್ ಪದಾನೂ ಬಿಡ್ಲಿಲ್ಲ ಅಲ್ವಾ? ನನ್ನ ಮಂಚ ಯಾವುದು?" ಎಂದಳು. ನೀನಾಗಿದ್ದರೆ ಏನು ಹೇಳುತ್ತಿದ್ದೆ?

ಅವಳು ಬರೆದಳೆಂದು ನೀನು ಕಳಿಸುತ್ತಿದ್ದ ಹಾಳೆಗಳನ್ನೆಲ್ಲ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಅಕ್ಷರದ ಕೆಳಗೂ ನಿನ್ನ ಪೆನ್ಸಿಲ್ಲಿನ ಗೀರು ಇದೆ. ಇಷ್ಟು ದಿನ ಅವಳ ಹೆಸರಿನಲ್ಲಿ ನನಗೆ ಕಾಗದ ಬರೆಯುತ್ತಿದ್ದದ್ದು ನೀನು. ನಾನು ಯಾರಿಗೆ ಉತ್ತರ ಕೊಡುತ್ತಿದ್ದೆ?

ನಿನಗೆ ಗೊತ್ತಿತ್ತೇ? ಅಷ್ಟು ಮಾತ್ರ ಬರೆ. ಗೊತ್ತಿತ್ತೇ?

ಸೀಟು ಬೇರೆಯವರಿಗೆ ಹೋಯಿತು.

ಮಾರ್ಚ್ 27

ಮಗಳೇ,

ಪತ್ರದ ಕೊನೆಗೆ "ನಿನ್ನ ಮಗಳು" ಎಂದು ಕೂಡ ಹಾಕಿಲ್ಲ ನೀನು. ಇರಲಿ.

ಗೊತ್ತಿತ್ತೇ ಎಂದು ಕೇಳಿದ್ದೀಯ. ನನ್ನ ಕಣ್ಣು ಕುರುಡಲ್ಲ. ಅವಳಿಗೆ ಅಕ್ಷರಗಳು ಒಂದೆಡೆ ನಿಲ್ಲುವುದಿಲ್ಲ, ಇವತ್ತು ಕಂಡದ್ದು ನಾಳೆಗೆ ಅಪರಿಚಿತ. ಸಮಯ ಬೇಕು, ಕಲಿಯುತ್ತಾಳೆ ಎಂದುಕೊಂಡೆ. ನನ್ನ ಬಳಿ ಬಂದ ಎಷ್ಟೋ ಹೆಡ್ಡರು ಇವತ್ತು ಸ್ವಂತ ಅಂಗಡಿ ಇಟ್ಟಿದ್ದಾರೆ. ಕೈ ಓಡುತ್ತಾ ಓಡುತ್ತಾ ತಲೆ ಹಿಂದಿನಿಂದ ಬರುತ್ತದೆ. ನಾನು ಕಂಡ ವಿದ್ಯೆಯೆಲ್ಲ ಹಾಗೆಯೇ ಬಂದದ್ದು. ಇದು ಬರಲಿಲ್ಲ.

ಆ ಟೀಚರು ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ, ಕೇಳು. ಇಂಥ ಮಕ್ಕಳಿಗೆ ಕಲಿಸಲು ಬೇರೆಯೇ ತರಬೇತಿ ಪಡೆದವರಿದ್ದಾರಂತೆ, ವಾರಕ್ಕೆರಡು ದಿನ ಶಾಲೆಗೆ ಬರುತ್ತಾರಂತೆ, ನಾನು ಒಪ್ಪಿದರೆ ಸಾಕಿತ್ತಂತೆ. "ದಡ್ಡಿ ಅಂತ ಅಲ್ಲ ಅಜ್ಜಿ, ಅವಳು ಓದೋ ದಾರಿ ಬೇರೆ" ಎಂದಳು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ನಾನು, "ನಮ್ಮ ಮನೇಲಿ ಬುದ್ಧಿಮಾಂದ್ಯ ಯಾರಿಗೂ ಇಲ್ಲ. ಹೊರಡಿ" ಎಂದೆ. ಯಾವ ಅಜ್ಜಿಯಾದರೂ ಅದನ್ನೇ ಹೇಳುತ್ತಿದ್ದಳು.

ತಪ್ಪಾಯಿತು ಎಂದು ನನ್ನ ಕೈಯಿಂದ ಬರೆಸಿಕೊಳ್ಳಬೇಕು ಎಂದಿದ್ದರೆ ಕಾಯುತ್ತಿರು. ಅವಳ ಜ್ವರ, ಕೆಮ್ಮು, ಮೊಣಕಾಲು ಎಲ್ಲ ನೋಡಿದವಳು ನಾನು. ನಿನಗೆ ಚೆಂದದ ಅಕ್ಷರ ಬೇಕಿತ್ತು, ಅಡುಗೆಮನೆಗೆಲ್ಲ ತೋರಿಸಲು. ಕಳಿಸಿದೆ.

ರೈಲಿನಿಂದ ಇಳಿಯುವಾಗ ಅವಳು ಮಾಸ್ತರರನ್ನು ಒಂದೇ ಮಾತು ಕೇಳಿದಳಂತೆ: "ದೋಣಿಯವನ ಪಾಠ ಸುಳ್ಳಾ ಮಾಸ್ತರೇ?"

ಅಮ್ಮ

ಏಪ್ರಿಲ್ 10

ಅಮ್ಮಾ,

ನಿನ್ನ ಜೊತೆ ಜಗಳವಾಡಲು ನನ್ನಲ್ಲಿ ಶಕ್ತಿ ಇಲ್ಲ. ಚೆಂದದ ಅಕ್ಷರ ತೋರಿಸಿಕೊಂಡು ತಿರುಗಿದವಳು ನಾನೇ, ನಿಜ. ನೀನು ಹಾಸಿದೆ, ನಾನು ಹೊದ್ದುಕೊಂಡೆ.

ಒಂದು ಕೆಲಸ ಮಾಡು. ನನಗಾಗಿ ಅಲ್ಲ. ಆ ಟೀಚರ ಹತ್ತಿರ ಹೋಗು. ನೀನೇ ಹೋಗು, ಮಾಸ್ತರರನ್ನು ಕಳಿಸಬೇಡ. ಬೇರೆ ರೀತಿ ಕಲಿಸುವವರಿದ್ದಾರೆ ಎಂದಳಲ್ಲ, ಅವರಿಗೆ ಇವಳನ್ನು ಒಪ್ಪಿಸು. ಕೆಳಗಿನ ತರಗತಿಯಾದರೂ ಸರಿ. ನಾನು ಕೆಲಸ ಬಿಟ್ಟು ಬರುತ್ತೇನೆ ಎಂದು ಬರೆದೆ, ಹರಿದೆ. ಇದನ್ನು ಬಿಟ್ಟರೆ ಇನ್ನೊಂದು ಸಿಗುವ ವಯಸ್ಸಲ್ಲ ನನ್ನದು. ರಜೆ ನವೆಂಬರಿಗೆ ಮುಂಚೆ ಕೊಡುವುದಿಲ್ಲ.

ಇದರೊಳಗೆ ಬೇರೆ ಲಕೋಟೆಯಲ್ಲಿ ಅವಳಿಗೊಂದು ಕಾಗದ ಇಟ್ಟಿದ್ದೇನೆ. ನಾನು ಅವಳಿಗೆ ಇದುವರೆಗೆ ಹೇಳದ ಮಾತುಗಳಿವೆ. ಪರೀಕ್ಷೆಯ ಬಗ್ಗೆಯೂ ಇದೆ, ನಾನೇಕೆ ಬಿಟ್ಟುಬಂದೆ ಎನ್ನುವುದೂ ಇದೆ. ಅದನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳು. ನಿನ್ನದೇನನ್ನೂ ಸೇರಿಸಬೇಡ, ನನ್ನದೇನನ್ನೂ ಬಿಡಬೇಡ. ಬೇಡಿಕೊಳ್ಳುತ್ತೇನೆ.

ನಿನ್ನ ಮಗಳು

ಜೂನ್ 8

ಮಗಳೇ,

ಬರೆಯಲು ಏನಾದರೂ ಆಗಲಿ ಎಂದು ಕಾದೆ. ಆಗಲಿಲ್ಲ.

ಶಾಲೆಗೆ ನಾನೇ ಹೋದೆ. ಆ ಟೀಚರು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾಳೆ. ವಾರಕ್ಕೆರಡು ದಿನ ಬರುತ್ತಿದ್ದವರೂ ಈಗ ಬರುವುದಿಲ್ಲ. ಮಕ್ಕಳಿಗೆ ಹಾಗೆ ಕಲಿಸಲು ಒಪ್ಪಿದ ಮನೆಗಳು ಸಾಕಷ್ಟು ಇರಲಿಲ್ಲವಂತೆ, ಆ ಕೆಲಸವನ್ನೇ ತೆಗೆದುಹಾಕಿದರಂತೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕೂರಿಸಿ ಮಾತಾಡಿಸಿದಳು. ಕೈಮುಗಿದೆ. ಹಿಂದೆ ಯಾರಿಗೂ ಮುಗಿದ ನೆನಪಿಲ್ಲ. "ಎರಡನೇ ತರಗತೀಲಿ ಕೂರಿಸ್ಬಹುದು ಅಜ್ಜಿ, ಬೇರೆ ದಾರಿ ನನಗೆ ಕಾಣ್ತಿಲ್ಲ" ಎಂದಳು.

ಕೂರಿಸಿದೆವು. ಕಡ್ಡಿ ಈ ವರ್ಷ ಒಂದು ಗೇಣು ಉದ್ದವಾಗಿದ್ದಾಳೆ. ಬೆಂಚಿನ ಕೆಳಗೆ ಕಾಲು ಹಿಡಿಸದೆ ಪಕ್ಕಕ್ಕೆ ಚಾಚಿ ಕೂತಿದ್ದಳಂತೆ. ಪುಟ್ಟ ಮಕ್ಕಳು, "ಹೊಸ ಮಿಸ್ ಬಂದ್ರು" ಎಂದು ಎದ್ದು ನಿಂತು ನಮಸ್ಕಾರ ಹೇಳಿದವಂತೆ. ಮಧ್ಯಾಹ್ನಕ್ಕೇ ನಡೆದು ಮನೆಗೆ ಬಂದಳು. ಮರುದಿನ ಎಬ್ಬಿಸಲು ಹೋದರೆ ಮಂಚದ ಕಾಲು ಹಿಡಿದುಕೊಂಡಳು. ನಾನು ಕೈ ಬಿಡಿಸಲಿಲ್ಲ. ನನ್ನಿಂದಾಗಲಿಲ್ಲ.

ಈಗ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾಳೆ. ಕೆಲಸ ಚೊಕ್ಕ. ಹೊಸ ವರ್ಷದ ಮಕ್ಕಳು ಅಳತೆಗೆ ಬಂದಾಗ ಒಳಗೆ ಹೋಗಿಬಿಡುತ್ತಾಳೆ. ಕೆಲಸಕ್ಕೆ ಹಚ್ಚಿದೆ ಎಂದು ನನ್ನನ್ನು ದೂರಬೇಡ. ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದಳು, ಅದಕ್ಕಿಂತ ಇದು ವಾಸಿ. ಪಾಠ ಹೇಳುತ್ತೇನೆ ಬಾ ಎಂದರೆ ಬರುವುದಿಲ್ಲ. ನಾನು ಬಾಯಿ ತೆಗೆದು ಒಂದು ಸಾಲು ಶುರುಮಾಡಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ನಿನ್ನ ಲಕೋಟೆಯ ವಿಷಯ. ಬಂದ ದಿನವೇ ಅವಳನ್ನು ಹತ್ತಿರ ಕರೆದು, ಕನ್ನಡಕ ಹಾಕಿಕೊಂಡು ಕೂತೆ. ನೀನು ಹೇಳಿದಂತೆಯೇ ಓದಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಒಡೆಯುವ ಮುಂಚೆಯೇ ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಕೊಡು, ಅಮ್ಮ ನಿನಗೆ ಏನು ಬರ್ದಿದ್ದಾಳೆ ಓದಿ ಹೇಳ್ತೀನಿ" ಎಂದೆ.

"ನೀನು ಓದ್ಬೇಡ ಅಜ್ಜಿ" ಎಂದಳು. "ನೀನು ಓದಿದ್ರೆ ಎಲ್ಲಾ ಚೆನ್ನಾಗೇ ಇರುತ್ತೆ."

ಮಾಸ್ತರರು ಓದುತ್ತೇನೆ ಎಂದರು. ಪಕ್ಕದ ಅಂಗಡಿಯ ಹುಡುಗಿ ಓದುತ್ತೇನೆ ಎಂದಳು. ಯಾರಿಗೂ ಕೊಡಲಿಲ್ಲ. ಊಟದ ಬಿಡುವಿನಲ್ಲಿ ತಾನೇ ಬಿಡಿಸಿಕೊಂಡು ಕೂರುತ್ತಾಳೆ. ಮೊದಮೊದಲು ಬಹಳ ಹೊತ್ತು ನೋಡುತ್ತಿದ್ದಳು. ಈಗ ಬಿಡಿಸುತ್ತಾಳೆ, ಮಡಚುತ್ತಾಳೆ, ಅಷ್ಟೇ. ಮಡಿಕೆಯ ಜಾಗದಲ್ಲಿ ಕಾಗದ ಹರಿಯುತ್ತಾ ಬಂದಿದೆ. ಅಂಟಿಸಿಕೊಡಲೇ ಎಂದು ಕೇಳಿದೆ. ಬೇಡವಂತೆ.

ಅದರಲ್ಲಿ ನೀನು ಏನು ಬರೆದಿದ್ದೀಯೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಇನ್ನೂ ಬರೆ ಎಂದು ನಾನು ಹೇಳಲಾರೆ, ಬರೆಯಬೇಡ ಎಂದೂ ಹೇಳಲಾರೆ. ಬಂದರೆ ಒಡೆಯದೆ ಅವಳ ಕೈಗೆ ಕೊಡುತ್ತೇನೆ.

ಅಮ್ಮ